ಜೀವವುಳ್ಳ ಕಲ್ಲುಗಳು

ಓದತಕ್ಕ ಭಾಗ: 1 ಪೇತ್ರ 2:4-5



ಮಂಗಳೂರಿನ ಬಲ್ಮಠದಲ್ಲಿ ಶಾಂತಿ ದೇವಾಲಯವೆಂಬ ಹಳೆಯ ಪ್ರಾರ್ಥನಾಮಂದಿರವುಂಟು. ಅದು 1862ರಲ್ಲಿ ಕಟ್ಟಲ್ಪಟ್ಟಿತು. ಅದನ್ನು ಕಟ್ಟಿಸಿದ ಬಾಸೆಲ್ ಮಿಶನ್ನಿನಲ್ಲಿ ಲೂಥರನ ಸಭೆಯವರೂ ಸುಧಾರಿತ ಸಭೆಯವರೂ ಒಂದಾಗಿ ಸೇವೆಮಾಡುತ್ತಿದ್ದರು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೊದಲಿನ ಮೂವರು ಬೋಧಕರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಈ ದೇವಾಲಯವು ಏಳುವದಕ್ಕಿಂತ 28 ವರ್ಷ ಮುಂಚೆಯೇ ಜನರನ್ನು ಕೂಡಿಸುವ ಕೆಲಸವು ಆರಂಭವಾಗಿತ್ತು. ಮೊದಲು ಸಭೆ, ಆಮೇಲೆ ಗೋಡೆ.

ಆ ಕರಾವಳಿಯವರು ಮನೆ ಕಟ್ಟುವದು ಮುರಕಲ್ಲಿನಿಂದ. ನಮ್ಮ ರಾಮನಗರದ ಬಂಡೆಯನ್ನು ಉಳಿ ಸುತ್ತಿಗೆಗಳಿಂದ ಬಡಿದು ಸೀಳಬೇಕು. ಮುರಕಲ್ಲಾದರೋ ನೆಲದೊಳಗಿರುವಾಗ ಮೆದುವಾಗಿದ್ದು, ಕಡಿದು ಹೊರಗಿಟ್ಟ ಮೇಲೆ ಗಾಳಿ ಬಿಸಿಲಿಗೆ ಗಟ್ಟಿಯಾಗುವದು. ಆ ಸಭೆಯ ಜನರೂ ಹಾಗೆಯೇ. ದೀಕ್ಷಾಸ್ನಾನ ಹೊಂದಿದ ಅನೇಕರು ಮನೆಯನ್ನೂ ಕಸುಬನ್ನೂ ಕಳಕೊಂಡು ಹೊರಗೆ ನಿಂತರು, ನಿಂತು ಗಟ್ಟಿಯಾದರು. ಅವರ ಅನ್ನಕ್ಕೋಸ್ಕರ ಮಿಶನ್ನು ನೇಯ್ಗೆಯ ಮಗ್ಗಗಳನ್ನು ಹಾಕಿಸಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನಮ್ಮ ಹಳ್ಳಿಗಳಲ್ಲಿಯೂ ಮಂಗಳೂರು ಹೆಂಚನ್ನು ಕಾಣದವರು ಯಾರು? ಒಂದು ಹೆಂಚು ಎಷ್ಟು ಚೆನ್ನಾಗಿ ಸುಟ್ಟದ್ದಾದರೂ ಒಂಟಿಯಾಗಿ ಮಳೆಯನ್ನು ತಡೆಯಲಾರದು. ಅದರ ಅಂಚು ನೆರೆಯ ಹೆಂಚಿನೊಡನೆ ಕೂಡಿಕೊಂಡರೆ ಮಾತ್ರ ಮಾಡು ಸೋರದು.

ಆ ಸಭೆಯಲ್ಲಿ ಕೂಡಿದವರು ಯಾರು? 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಬ್ರಾಹ್ಮಣರ ಮನೆಯವರು. ಸಭಿಕರಲ್ಲಿ ಬಹುಮಂದಿ ಶೇಂದಿ ಇಳಿಸುವ ಬಿಲ್ಲವರ ಕುಲದವರು. ಲೋಕದ ಕಟ್ಟಳೆಯಂತೆ ಇವರು ಒಂದೇ ಹಂತಿಯಲ್ಲಿ ಕೂಡ್ರತಕ್ಕವರಲ್ಲ. ಆದರೆ ಬಾಸೆಲ್ ಮಿಶನ್ನು ಸಭೆಯೊಳಗೆ ಜಾತಿಭೇದಕ್ಕೆ ಸ್ಥಳಕೊಡಲಿಲ್ಲ. ಕರ್ತನ ಮೇಜು ಒಂದೇ ಆಗಿತ್ತು.

ಪ್ರಿಯರೇ, ಈಗ ನಮ್ಮ ಮಾತಿಗೆ ಬರೋಣ. ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಹಳ್ಳಿಗಳಲ್ಲಿಯೂ ನಾವು ಚಿಕ್ಕ ಚಿಕ್ಕ ಸಭೆಗಳಾಗಿದ್ದೇವೆ. ಗೋಪುರ ಬೇಕು, ದೊಡ್ಡ ಗಂಟೆ ಬೇಕು ಎಂದು ಆಶಿಸುವದು ತಪ್ಪಲ್ಲ. ಆದರೆ ಭಾನುವಾರದಲ್ಲಿ ಒಂದೇ ರೊಟ್ಟಿಯನ್ನು ತಿಂದು, ಸೋಮವಾರದಲ್ಲಿ ಆ ಕೇರಿಯವನ ಮನೆಯ ನೀರನ್ನು ಒಲ್ಲೆವೆಂದರೆ, ಹೆಣ್ಣು ತರುವಾಗ ಹಿಂದಣ ಕುಲವನ್ನು ಕೇಳಿದರೆ, ನಮ್ಮ ಮಾಡು ಸೋರುತ್ತದಲ್ಲವೋ? ಕರ್ತನು ತನ್ನ ಮನೆಗೆ ಆರಿಸಿದ ಕಲ್ಲನ್ನು, ಇದು ಯಾವ ಗಣಿಯದು ಎಂದು ತಳ್ಳುವದಕ್ಕೆ ನಾವು ಯಾರು?

ಆದಕಾರಣ ಮುಂದಿನ ಕರ್ತನ ಭೋಜನಕ್ಕೆ ಬರುವ ಮೊದಲು ಪ್ರತಿಯೊಬ್ಬರೂ ಈ ವರೆಗೆ ಕಾಲಿಡದ ಒಬ್ಬ ಸಹೋದರನ ಮನೆಗೆ ಹೋಗಿ, ಅಲ್ಲಿ ಕೂತು, ಅವರು ಕೊಟ್ಟ ನೀರನ್ನು ಕುಡಿದು ಬರೋಣ. ಹಾಗೆ ಮಾಡುವಲ್ಲಿ ನಮ್ಮ ಹುಲ್ಲುಮಾಡಿನ ಗುಡಿಯೂ ದೇವರ ಆಲಯವಾಗುವದು. ಆಮೆನ್.