ತಿರಸ್ಕರಿಸುವ ಅಧಿಕಾರ

ಮನೆಯಲ್ಲೇ ಕುಳಿತು ದುಡಿಯುವವರಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಏಕೆ ಬೇಕೆಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಬಸ್ಸಿನ ಖರ್ಚಿಲ್ಲ, ತಲೆಯ ಮೇಲೆ ನಿಂತು ಗದರುವವರಿಲ್ಲ, ನಡುವೆ ಎದ್ದು ಒಲೆಯ ಕಡೆಗೂ ನೋಡಬಹುದು. ಇಷ್ಟು ಅನುಕೂಲ ಪಡೆದವರು ಭವಿಷ್ಯನಿಧಿಯನ್ನೂ ದುಡಿಮೆಯ ವೇಳೆಯ ಮಿತಿಯನ್ನೂ ಕೇಳುವುದು ಅತಿಯಾಯಿತೆಂಬುದು ಅವರ ನಿಲುವು. ಅನುಕೂಲವನ್ನು ಕೂಲಿಯ ಒಂದು ಭಾಗವೆಂಬಂತೆ ಲೆಕ್ಕ ಹಾಕುವ ಈ ವಾದ ಕೆರಳಿಸುವಂಥದ್ದು, ಏಕೆಂದರೆ ಅದೇ ಏರ್ಪಾಟಿನಿಂದ ಕಟ್ಟಡದ ಬಾಡಿಗೆ, ವಿದ್ಯುತ್ತು, ಕುರ್ಚಿಯ ಖರ್ಚನ್ನು ಉಳಿಸಿಕೊಂಡ ಮಾಲೀಕನ ಅನುಕೂಲ ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ದುಡಿಯುವ ಜಾಗ ಯಾವುದೆಂಬುದು ದುಡಿಯುವವರ ಹಕ್ಕನ್ನು ನಿರ್ಧರಿಸಬಾರದೆಂದು ತೋರಿಸುವುದು ಈ ಪ್ರಬಂಧದ ಉದ್ದೇಶ.

ಗೃಹ ಕೈಗಾರಿಕೆಯನ್ನು ಕಾರ್ಖಾನೆಯ ಹೊರವಿಭಾಗವೆಂದು ಬಗೆದ ಮಾರ್ಕ್ಸ್‌ವಾದವೂ, ಮನೆಯ ದುಡಿಮೆಯಲ್ಲಿ ಸ್ವಾವಲಂಬನೆಯನ್ನು ಕಂಡ ಗಾಂಧಿವಾದವೂ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಎರಡಕ್ಕೂ ಉತ್ತರ ಮೊದಲೇ ಗೊತ್ತಿದೆ. ನಿಜವಾದ ಸವಾಲು ಬರುವುದು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಉದ್ದಿಮೆ ಸಂಸ್ಥೆಯ ಸ್ವರೂಪವನ್ನು ಕುರಿತು ಬರೆದ ಲೇಖನದಿಂದ. ಮಾರುಕಟ್ಟೆಯಲ್ಲಿ ಬೆಲೆ ಮಾಡುವ ಕೆಲಸವನ್ನು ಸಂಸ್ಥೆಯೊಳಗೆ ಒಬ್ಬರ ಆದೇಶ ಮಾಡುತ್ತದೆ. ನೌಕರನೆಂದರೆ ಗೊತ್ತಾದ ಸಂಬಳಕ್ಕೆ ಗೊತ್ತಾದ ಮಿತಿಯೊಳಗೆ ಆದೇಶ ಪಾಲಿಸಲು ಒಪ್ಪಿದವನು ಎನ್ನುತ್ತಾರೆ ಕೋಸ್. ಹಕ್ಕುಗಳನ್ನು ಅಲ್ಲಗಳೆಯುವುದು ಅವರ ಗುರಿಯಲ್ಲ. ಆದರೆ ಅವರ ಮಾತನ್ನು ಒಪ್ಪಿದರೆ, ಕಣ್ಣಿಗೆ ಕಾಣದಲ್ಲಿ, ತನಗೆ ಬೇಕಾದ ಹೊತ್ತಿನಲ್ಲಿ, ನಗಕ್ಕಿಷ್ಟೆಂದು ದುಡಿಯುವವರು ಮಾರುತ್ತಿರುವುದು ವಿಧೇಯತೆಯನ್ನಲ್ಲ, ಸಿದ್ಧವಸ್ತುವನ್ನು ಎಂದಾಗುತ್ತದೆ. ಅಂದಮೇಲೆ ಅವರು ನೌಕರರಲ್ಲ, ಸಣ್ಣ ವ್ಯಾಪಾರಿಗಳು.

ಭಾರತದ ನ್ಯಾಯಾಲಯಗಳು ಈ ಗಂಟಿನೊಡನೆ ದಶಕಗಳ ಕಾಲ ಹೆಣಗಿವೆ. ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರ ವ್ಯಾಖ್ಯೆಯೊಳಗೆ ತಂದದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 1974ರಲ್ಲಿ, ಮಂಗಳೂರಿನ ಬೀಡಿ ಉದ್ಯಮವೊಂದು ಹೂಡಿದ್ದ ಮೊಕದ್ದಮೆಯಲ್ಲಿ. ಇಂಥವರಿಗೆ ಭವಿಷ್ಯನಿಧಿ ಸಲ್ಲಬೇಕೇ ಎಂಬ ಪ್ರಶ್ನೆ ಎದ್ದಾಗ, 1985ರ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಟ್ಟಿ ತಂದ ಬೀಡಿಯನ್ನು ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರವೇ ಮಾಲೀಕನ ಹತೋಟಿಗೆ ಸಾಕಷ್ಟು ಪುರಾವೆಯೆಂದು ತೀರ್ಮಾನಿಸಿತು. ಕೆಲಸ ನಡೆಯುವಾಗ ಮೇಲ್ವಿಚಾರಕ ಎದುರಿಗಿರಬೇಕಾಗಿಲ್ಲ. ಕೊನೆಗೆ ಅವನ ಮುಂದೆ ನಿಲ್ಲಬೇಕೆಂಬ ಅರಿವೇ ಬೆರಳುಗಳನ್ನು ದಿನವಿಡೀ ನಡೆಸುತ್ತದೆ.

ಪುತ್ತೂರು ಸೀಮೆಯಲ್ಲಿ ಬೀಡಿ ಕಟ್ಟುವ ಹೆಂಗಸರ ನಡುವೆ ಬೆಳೆದ ಪ್ರಸ್ತುತ ಲೇಖಕನಿಗೆ ಈ ತೀರ್ಪು ಬರಿಯ ತರ್ಕವಾಗಿ ಕಾಣುವುದಿಲ್ಲ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಸಂಜೆಗೆ ಅದನ್ನು ಬ್ರ್ಯಾಂಚಿಗೆ ಒಯ್ದಾಗ ಅಲ್ಲಿನ ಗುತ್ತಿಗೆದಾರ ಒಂದು ಕಟ್ಟನ್ನು ಕೈಗೆತ್ತಿ, ಬೆರಳಿನಿಂದ ಒತ್ತಿ, ಪೊಳ್ಳೆನಿಸಿದ್ದನ್ನು ಎಳೆದು ಬದಿಗೆ ಹಾಕುತ್ತಿದ್ದ. ಹಾಗೆ ಬದಿಗೆ ಬಿದ್ದ ಬೀಡಿಗೆ ಕೂಲಿಯೂ ಇಲ್ಲ, ಅದು ಹಿಂದಕ್ಕೂ ಬರುತ್ತಿರಲಿಲ್ಲ. ಎಲೆ ಕಡಿಮೆ ಕೊಟ್ಟಿದ್ದರಿಂದಲೇ ಲೆಕ್ಕ ತಪ್ಪಿತೆಂದು ಹೇಳಹೊರಟವರಿಗೆ ಮರುದಿನ ಎಲೆ ಇನ್ನಷ್ಟು ಕಡಿಮೆಯಾಗುತ್ತಿತ್ತು. ಇದನ್ನು ಇಬ್ಬರು ವ್ಯಾಪಾರಿಗಳ ನಡುವಿನ ಒಪ್ಪಂದವೆಂದು ಕರೆಯಲು ಸಾಕಷ್ಟು ಧೈರ್ಯ ಬೇಕು.

ಆದರೂ ಕೋಸ್ ಪಕ್ಷದ ಮರುವಾದವನ್ನು ತಳ್ಳಿಹಾಕಲಾಗದು. ತಿರಸ್ಕರಿಸುವ ಅಧಿಕಾರ ಪ್ರತಿಯೊಬ್ಬ ಗಿರಾಕಿಗೂ ಇದೆ. ಟೊಮೆಟೊ ಬೇಡವೆಂದ ಮಂಡಿಯವನು ರೈತನ ಮಾಲೀಕನಾಗುವುದಿಲ್ಲ. ರೈತ ತನ್ನ ಬುಟ್ಟಿಯನ್ನು ಮತ್ತೊಂದು ಮಂಡಿಗೆ ಒಯ್ಯಬಹುದು, ಬೀಡಿ ಕಟ್ಟಿದವಳು ಬೇರೆಯವರ ಎಲೆಯಲ್ಲಿ ಕಟ್ಟಿದ್ದನ್ನು ಎಲ್ಲಿಗೂ ಒಯ್ಯಲಾರಳು ಎಂಬ ಉತ್ತರವೇನೋ ಇದೆ. ಆದರೆ ಆ ಉತ್ತರದಿಂದ ಹಕ್ಕಿನ ಆಧಾರ ಹತೋಟಿಯಿಂದ ಅವಲಂಬನೆಗೆ ಜಾರುತ್ತದೆ, ಮತ್ತು ಅವಲಂಬನೆಗೆ ಖಚಿತವಾದ ಗಡಿಯಿಲ್ಲ. ಪ್ರಸ್ತುತ ಲೇಖಕ ಪುಟಕ್ಕಿಷ್ಟೆಂಬ ದರಕ್ಕೆ ಮನೆಯಲ್ಲಿ ಕರಡು ತಿದ್ದುತ್ತಾನೆ. ಹಲವು ಪ್ರಕಾಶಕರ ಕೆಲಸ ಮಾಡುತ್ತಾನೆ, ಬೇಡವೆನಿಸಿದ್ದನ್ನು ಒಲ್ಲೆನೆನ್ನುತ್ತಾನೆ. ಆದರೆ ಅವರಲ್ಲಿ ಒಬ್ಬರು ಕೈಬಿಟ್ಟರೆ ಆ ತಿಂಗಳ ಬಾಡಿಗೆ ಕಷ್ಟ. ಅವನು ವ್ಯಾಪಾರಿಯೋ ನೌಕರನೋ ಎಂಬುದನ್ನು ಅವನೇ ದಿನಕ್ಕೊಂದು ಬಗೆಯಲ್ಲಿ ಉತ್ತರಿಸಿಯಾನು.

2020ರ ಸಾಮಾಜಿಕ ಭದ್ರತಾ ಸಂಹಿತೆ ಈ ತೊಡಕನ್ನು ಪಕ್ಕಕ್ಕಿಟ್ಟು, ಕಚ್ಚಾವಸ್ತುವನ್ನೋ ಸಲಕರಣೆಯನ್ನೋ ಮಾಲೀಕ ಕೊಟ್ಟರೂ ಕೊಡದಿದ್ದರೂ, ಸಂಭಾವನೆಗಾಗಿ ಅವನಿಗೆ ಸರಕನ್ನೋ ಸೇವೆಯನ್ನೋ ತನ್ನ ಮನೆಯಲ್ಲಿ ಸಿದ್ಧಪಡಿಸುವವರೆಲ್ಲ ಗೃಹಾಧಾರಿತ ಕಾರ್ಮಿಕರೆನ್ನುತ್ತದೆ. ವ್ಯಾಖ್ಯೆ ಉದಾರವಾಗಿದೆ, ಆದರೆ ಅದು ಅವರನ್ನು ಅಸಂಘಟಿತ ಕಾರ್ಮಿಕರ ಸಾಲಿನಲ್ಲಿ ನಿಲ್ಲಿಸುವುದರಿಂದ ಕೈಗೆ ಬರುವುದು ಸರ್ಕಾರದ ಕಲ್ಯಾಣ ಯೋಜನೆಯೇ ಹೊರತು ಮಾಲೀಕನ ಹೊಣೆಯಲ್ಲ. ಮನೆಯಲ್ಲಿ ದುಡಿಯುವವರನ್ನು ಇತರ ಕೂಲಿಗಾರರಿಗೆ ಸಮನಾಗಿ ಕಾಣಬೇಕೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ.

ಹಾಗಾದರೆ ಪೂರ್ಣ ಸಮಾನತೆಯನ್ನೇ ಕೇಳಬಹುದಲ್ಲ ಎನ್ನುವಾಗ ಜಾಗದ ಪ್ರಶ್ನೆ ಹಿಂಬಾಗಿಲಿನಿಂದ ಮರಳುತ್ತದೆ. ಮಾಲೀಕ ಸುರಕ್ಷತೆಗೆ ಹೊಣೆಯಾಗಬೇಕಾದರೆ ದುಡಿಯುವ ಕೋಣೆಯನ್ನು ನೋಡುವ ಹಕ್ಕನ್ನು ಅವನು ಕೇಳಿಯೇ ಕೇಳುತ್ತಾನೆ. ಮನೆಯೊಳಗೆ ಯಾರೂ ಇಣುಕಬಾರದೆನ್ನೋಣವೆಂದರೆ, 1986ರ ಬಾಲಕಾರ್ಮಿಕ ಕಾಯಿದೆ ಬೀಡಿ ತಯಾರಿಕೆಯಲ್ಲಿ ಮಕ್ಕಳನ್ನು ನಿಷೇಧಿಸಿಯೂ, ಮನೆಮಂದಿಯ ನೆರವಿನಿಂದ ನಡೆಯುವ ಕೆಲಸಕ್ಕೆ ವಿನಾಯಿತಿ ಕೊಟ್ಟು ಆ ನಿಷೇಧವನ್ನೇ ಸಡಿಲಿಸಿದ್ದು ಎದುರಿಗಿದೆ. ಹೊಗೆಸೊಪ್ಪಿನ ಧೂಳು ಮಗುವಿನ ಮೂಗಿಗೂ ಹೋಗುತ್ತದೆ. ಜಾಗಕ್ಕೂ ಹಕ್ಕಿಗೂ ಸಂಬಂಧವಿರಬಾರದೆಂಬ ಆರಂಭದ ಪ್ರತಿಜ್ಞೆ ಕೂಲಿ, ಭವಿಷ್ಯನಿಧಿ, ಹೆರಿಗೆ ಭತ್ಯೆಗಳ ಮಟ್ಟಿಗೆ ನಿಲ್ಲಬಹುದು. ವೇಳೆ ಮತ್ತು ಸುರಕ್ಷತೆಯ ಮಟ್ಟಿಗೆ ನಿಲ್ಲುವುದಿಲ್ಲ.

ಈ ವಿಂಗಡಣೆಯೂ ಗಟ್ಟಿಯಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ನೌಕರನಿಗೆ ಮನೆಯಿಂದ ಮಾಡಿದ ಹೆಚ್ಚುವರಿ ದುಡಿಮೆಯ ಕೂಲಿ ಸಲ್ಲಬೇಕಾದರೆ ಗಂಟೆಗಳ ಲೆಕ್ಕ ಬೇಕು. ಲೆಕ್ಕಕ್ಕೆ ಒಂದೋ ಅವನ ಮಾತನ್ನು ನಂಬಬೇಕು, ಇಲ್ಲವೇ ಕೀಲಿಮಣೆಯ ಪ್ರತಿ ಒತ್ತನ್ನೂ ಎಣಿಸುವ ತಂತ್ರಾಂಶವನ್ನು ಅವನ ಮನೆಗೆ ಬಿಡಬೇಕು. ಹೆಚ್ಚು ದುಡಿದಿಲ್ಲವೆಂದು ಸಾಬೀತುಪಡಿಸುವ ಹೊರೆ ಮಾಲೀಕನದೇ ಆಗಲೆಂಬುದು ಸದ್ಯಕ್ಕೆ ತೋರುವ ದಾರಿ. ಆದರೆ ಆ ಹೊರೆ ಬಿದ್ದ ಮಾಲೀಕ ಕಣ್ಗಾವಲನ್ನು ಹೆಚ್ಚಿಸಿಯಾನೇ ಹೊರತು ಕಡಿಮೆ ಮಾಡಲಾರ. ಆಗ ನೌಕರನೆನ್ನಲು ಆದೇಶ ಬೇಕೆಂದ ಕೋಸ್ ವ್ಯಾಖ್ಯೆಗೆ, ಅದನ್ನು ವಿರೋಧಿಸಿ ಪಡೆದ ಹಕ್ಕೇ ಹೊಸದೊಂದು ಪುರಾವೆಯನ್ನು ಒದಗಿಸಿದಂತಾಗುತ್ತದೆ.