ಹಳೆಯ ಬಂಡಿಗೆ ಹೊಸ ಎಂಜಿನು

ಇಂಗ್ಲೆಂಡಿನಲ್ಲಿ 1948ರಲ್ಲಿ ಹೊರಬಂದ ಮಾರಿಸ್ ಮೈನರ್ ಮೋಟಾರಿಗೆ 918 ಘನ ಸೆಂಟಿಮೀಟರಿನ ಸಣ್ಣ ಎಂಜಿನು, ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ಅಂಥ ಬಂಡಿಗೆ ಮನೆಯ ಷೆಡ್ಡಿನಲ್ಲಿಯೇ ಇಂದಿನ ಬಲವಾದ ಎಂಜಿನನ್ನು ಕೂಡಿಸುವವರುಂಟು. ಬಳಿಕ ಅದು ಅದೇ ಬಂಡಿಯೆ? ಗಾಲಿ, ಅಚ್ಚು, ನೊಗ ಯಾವುದೊಂದೂ ರಥವಲ್ಲ, ಅವುಗಳನ್ನಾಶ್ರಯಿಸಿದ ಹೆಸರೇ ರಥವೆಂದು ನಾಗಸೇನನು ಮಿಲಿಂದರಾಜನಿಗೆ ತೋರಿಸಿಕೊಟ್ಟ ಪ್ರಸಂಗವು ಮಿಲಿಂದಪ್ರಶ್ನೆಯಲ್ಲಿದೆ. ಹೀಗಿರಲು ಭಾಗವೊಂದು ಬದಲಾದ ಮಾತ್ರಕ್ಕೆ ಹೆಸರು ಅಳಿಯದು.

ಆದರೆ ಹೆಸರು ಉಳಿದರೆ ಕರ್ತವ್ಯವು ತೀರಿತೆಂದಲ್ಲ. ವೇಗವನ್ನು ಹೆಚ್ಚಿಸಿದವನು ಬ್ರೇಕನ್ನೂ ಬಲಪಡಿಸದಿದ್ದರೆ, ಅವನ ವಿನೋದದ ಬೆಲೆಯನ್ನು ದಾರಿಹೋಕನು ತೆರಬೇಕಾದೀತು. ಒಡಲನ್ನು ಕೊಯ್ಯದೆ, ತೆಗೆದ ಎಂಜಿನಿಗೆ ಎಣ್ಣೆ ಸವರಿ ಕಾಪಾಡಿದರೆ, ಮುಂದೆ ಬರುವವನು ಹಿಂದಿನ ರೂಪವನ್ನು ಮರಳಿ ಪಡೆಯಬಹುದು. ಕೊಂಡದ್ದು ಸ್ವಂತವೆಂಬುದು ನಿಜ. ಆದರೂ ತನಗಿಂತ ಹೆಚ್ಚು ಕಾಲ ಬಾಳಬಲ್ಲ ವಸ್ತುವಿಗೆ ಮನುಷ್ಯನು ಒಡೆಯನೆನಿಸುವುದಕ್ಕಿಂತ ಪಾಲಕನಾಗಿರುವುದೇ ಲೇಸು.