ಎತ್ತರವನ್ನು ಅಳೆಯುವ ಮುನ್ನ

ಶಿವಮೊಗ್ಗದಿಂದ ತೀರ್ಥಹಳ್ಳಿ ಮಾರ್ಗವಾಗಿ ಆಗುಂಬೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮರಗಳನ್ನು ಗಮನಿಸಿದ್ದೀರಾ? ನಗರದ ಆಸುಪಾಸಿನಲ್ಲಿ ಸಾಧಾರಣ ಎತ್ತರಕ್ಕಿರುವ ಕಾಡು ಮುಂದೆ ಹೋದಂತೆ ಮೇಲೇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮರಗಳ ತುದಿ ನೋಡಲು ಕತ್ತೆತ್ತಬೇಕು. ಆದರೆ ಅದೇ ಜಿಲ್ಲೆಯ ಕೊಡಚಾದ್ರಿಯ ನೆತ್ತಿಗೆ, ಅಂದರೆ 1343 ಮೀಟರ್ ಎತ್ತರಕ್ಕೆ ಹತ್ತಿರಿ. ಅಲ್ಲಿ ಮಳೆಗೇನೂ ಬರವಿಲ್ಲ. ಆದರೂ ಬಯಲಾದ ಏಣಿನಲ್ಲಿ ಬರೀ ಹುಲ್ಲು. ಮರಗಳು ಬೆಟ್ಟದ ಮಡಿಲಿನಲ್ಲಿ ಕುಳ್ಳಗೆ ಮುದುಡಿ ನಿಂತಿವೆ. ಮಣ್ಣು ತೆಳು, ಗಾಳಿ ಬಿರುಸು.

ಆ ಕುಳ್ಳ ಮರವನ್ನು ಯಾರಾದರೂ ಸೋಮಾರಿ ಎನ್ನುತ್ತಾರೆಯೇ?

ಅರಣ್ಯಶಾಸ್ತ್ರದವರು ತೇಗದ ತೋಪುಗಳಲ್ಲಿ ಒಂದು ಲೆಕ್ಕ ಹಾಕುತ್ತಾರೆ. 50 ವರ್ಷ ವಯಸ್ಸಿಗೆ ಅಲ್ಲಿನ ಮುಂದಾಳು ಮರಗಳು ಎಷ್ಟು ಎತ್ತರವಾಗುತ್ತವೆಂಬುದರಿಂದ ಆ ನೆಲವು ಯಾವ ದರ್ಜೆಯದೆಂದು ತೀರ್ಮಾನಿಸುತ್ತಾರೆ. ಗಮನಿಸಿ, ಎತ್ತರದಿಂದ ಅವರು ತೂಗುವುದು ನೆಲವನ್ನು. ಮರಗಳ ನಡುವಿನ ಪೈಪೋಟಿ ಹೆಚ್ಚಾಗಿ ಕಾಣುವುದು ಕಾಂಡದ ದಪ್ಪದಲ್ಲಿ. ಒತ್ತೊತ್ತಾಗಿ ನೆಟ್ಟ ಗಿಡಗಳು ಬೆಳಕಿಗಾಗಿ ಒಂದನ್ನೊಂದು ಮೀರಿ ಏರುತ್ತವೆ. ಬುಡ ಮಾತ್ರ ಸಣಕಲಾಗಿಯೇ ಉಳಿಯುತ್ತದೆ.

ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಎಷ್ಟು ಮನೆಗಳಲ್ಲಿ “ನಿನ್ನ ಚಿಕ್ಕಪ್ಪನ ಮಗನನ್ನು ನೋಡು” ಎಂಬ ಮಾತು ಕೇಳಿಬರುವುದಿಲ್ಲ! ಚಿಕ್ಕಪ್ಪನ ಮನೆಯಲ್ಲಿ ಓದಲು ಪ್ರತ್ಯೇಕ ಕೋಣೆಯಿದೆ. ಇಲ್ಲಿ ಆರು ಜನರಿಗೆ ಒಂದೇ ಕೋಣೆ. ಭದ್ರಾವತಿಯ ಓದುಗರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯಲ್ಲಿ 2015ರ ಹೊತ್ತಿಗೆ ಉತ್ಪಾದನೆ ನಿಂತಿತು. ಅದನ್ನೇ ನಂಬಿದ್ದ ಮನೆಗಳಲ್ಲಿ ತಂದೆಯ ದುಡಿಮೆ ಕುಂದಿರಲಿಲ್ಲ, ಮಕ್ಕಳ ಬುದ್ಧಿಯೂ ಕುಂದಿರಲಿಲ್ಲ. ಕುಸಿದದ್ದು ಕಾಲಡಿಯ ನೆಲ.

ಹಾಗಾದರೆ ಪ್ರಯತ್ನಕ್ಕೆ ಬೆಲೆಯಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮರಕ್ಕೆ ಎದ್ದು ನಡೆಯಲಾಗದು, ಮನುಷ್ಯನಿಗೆ ಆಗುತ್ತದೆ. ತನಗೆ ದೊರೆತಷ್ಟರಲ್ಲಿ ತಾನೇನು ಮಾಡಿದೆನೆಂದು ಅವನು ಅಲ್ಲಾಹನ ಮುಂದೆ ಉತ್ತರಿಸಬೇಕು. ಆದರೆ ಆ ಲೆಕ್ಕ ಕೇಳುವವನು ಅವನಿಗೆ ಎಷ್ಟು ದೊರೆತಿತ್ತೆಂಬುದನ್ನೂ ಬಲ್ಲವನು. ನೆರೆಯವರಾದ ನಮಗೆ ಕಾಣುವುದು ತುದಿ ಮಾತ್ರ.

“ಕಾಡಿನಲ್ಲೂ ಬಲವಿದ್ದದ್ದೇ ಉಳಿಯುತ್ತದೆ” ಎಂಬ ವಾದವೊಂದು ಇತ್ತೀಚೆಗೆ ಬಲು ಜೋರಾಗಿದೆ. ತೋಪಿನಲ್ಲಿ 2 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2500 ಸಸಿಗಳು. ಕೆಲವು ವರ್ಷಗಳಲ್ಲೇ ಉಳಿದವುಗಳಿಗೆ ಜಾಗವಾಗಲೆಂದು ಹಲವನ್ನು ಕಡಿದು ತೆಗೆಯುತ್ತಾರೆ. ತೇಗಕ್ಕೆ ಅದು ಸರಿ. ಒಂದು ಮೊಹಲ್ಲಾದಲ್ಲಿ ಯಾವ ಮಗುವನ್ನು ಹಾಗೆ ತೆಗೆದುಹಾಕುತ್ತೀರಿ?

ಕುರ್‌ಆನಿನ ‘ಅತ್ತಕಾಸುರ್’ ಅಧ್ಯಾಯವು ಸಂಪತ್ತು ಪೇರಿಸುವ ಪೈಪೋಟಿಯನ್ನು ಖಂಡಿಸುತ್ತದೆ. ಆದರೆ ಒಳಿತಿನಲ್ಲಿ ಮುಂದಾಗಿರೆಂದು ಅದೇ ಗ್ರಂಥ ಹುರಿದುಂಬಿಸುತ್ತದೆ. ಎರಡರ ವ್ಯತ್ಯಾಸ ಕಾಡಿನಲ್ಲೇ ಸ್ಪಷ್ಟ: ಅಲ್ಲಿ ಒಂದು ಮರ ಹಿಡಿದ ಬಿಸಿಲು ಅದರ ಕೆಳಗಿನ ಸಸಿಗೆ ಇಲ್ಲ. ಒಬ್ಬನು ಕಲಿತ ವಿದ್ಯೆ ಇನ್ನೊಬ್ಬನಿಗೆ ನೆರಳು ಕವಿಸಬೇಕಾಗಿಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ನಮ್ಮ ಮದ್ರಸಗಳ ಒಂದು ಕೋಣೆಯನ್ನು ರಾತ್ರಿ ಹತ್ತರವರೆಗೆ ತೆರೆದಿಟ್ಟು, ಎರಡು ದೀಪ ಉರಿಸಿ, ಕಾಲೇಜು ಓದುವ ಹುಡುಗನೊಬ್ಬನನ್ನು ಅಲ್ಲಿ ಕೂರಿಸಲು ಜಮಾಅತ್‌ಗೆ ಆಗುವ ಖರ್ಚಾದರೂ ಎಷ್ಟು?